ತೆಗೆ ಎಂಬ ಬಟನ್

ಕನ್ನಡದಲ್ಲಿ ‘ತೆಗೆ’ ಎಂಬ ಎರಡಕ್ಷರದ ಕ್ರಿಯಾಪದವೊಂದಿದೆ. ಈ ಪದದ ಮೂಲಕ ನಾನು ಒಬ್ಬ ಹೆಂಗಸಿಗೆ ಮಾಡಿದ ಹಾನಿಯನ್ನು ಇಲ್ಲಿ ಬರೆದಿಡಬೇಕಾಗಿದೆ. ಹಾನಿ ಮಾಡುವ ಉದ್ದೇಶ ನನಗಿರಲಿಲ್ಲ. ಭಾಷಾಸೇವೆ ಮಾಡುವವರಿಗೆ ಅಂಥ ಉದ್ದೇಶ ಯಾವತ್ತೂ ಇರುವುದಿಲ್ಲ.

ನಾನು ಹಳಿಯಾಳದಲ್ಲಿ ಮೂವತ್ತು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವನು. ಟೈಪ್‌ರೈಟರಿನ ಮೇಲೆ ನನಗೆ ಈಗಲೂ ಗೌರವವಿದೆ. ಅದರ ಕೀಲಿಯ ಮೇಲೆ ‘ಕ’ ಎಂದಿದ್ದರೆ, ಒತ್ತಿದಾಗ ಕಾಗದದ ಮೇಲೆ ‘ಕ’ ಬೀಳುತ್ತಿತ್ತು. ಅದರ ಬಗ್ಗೆ ಯಾರೂ ಚರ್ಚೆ ಮಾಡಬೇಕಾಗಿರಲಿಲ್ಲ. ಆಮೇಲೆ ಕಂಪ್ಯೂಟರ್ ಬಂತು. ನನ್ನ ಬಳಿಯಿದ್ದ ಮೂರು ಹಳೆಯ ಡಬ್ಬಿಗಳಿಗೆ ಹೊಸ ತಂತ್ರಾಂಶ ಜೀರ್ಣವಾಗದೆ, ಮುಕ್ತ ತಂತ್ರಾಂಶ ಎಂಬುದನ್ನು ಹಾಕಿಕೊಂಡೆ. ಮುಕ್ತ ತಂತ್ರಾಂಶವೆಂದರೆ ಊರ ಬಾವಿಯ ರಾಟೆ ಇದ್ದಂತೆ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ರಿಪೇರಿ ಮಾಡಬಹುದು. ಬಳಸುವವರು ಬಹಳ. ಇನ್‌ಸ್ಟಿಟ್ಯೂಟ್ ಮುಚ್ಚಿ ಕೈ ಖಾಲಿಯಾದ ಮೇಲೆ ನಾನು ರಿಪೇರಿಯವರ ಕಡೆ ಸೇರಿಕೊಂಡೆ.

ನನ್ನ ಪಾಲಿಗೆ ಬಂದದ್ದು ಅನುವಾದ. ಫೋನಿನಲ್ಲಿ ಫೋಟೋಗಳನ್ನು ಜೋಡಿಸಿಟ್ಟು ತೋರಿಸುವ ಒಂದು ಆ್ಯಪ್. ಅದನ್ನು ಮಾಡುವವರು ಯಾವುಯಾವುದೋ ದೇಶಗಳಲ್ಲಿ ಕೂತ ಐದಾರು ಜನ, ಸಂಬಳವಿಲ್ಲದೆ ಮಾಡುತ್ತಾರೆ. ಅದರ ಬಟನ್ನುಗಳ ಮೇಲಿನ ಮಾತುಗಳನ್ನು ಕನ್ನಡ ಮಾಡುವುದು ನನ್ನ ಕೆಲಸ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಖಾಲಿ ಚೌಕ. ಬೆಳಿಗ್ಗೆ ಚಹಾ ಕುಡಿದು ಕೂತರೆ ಊಟದ ಹೊತ್ತಿಗೆ ನಾಲ್ಕು ಪದ ಮುಗಿಯುತ್ತಿದ್ದವು. ನನ್ನ ಹೆಂಡತಿಗೆ ಈ ವೇಗ ಅರ್ಥವಾಗುತ್ತಿರಲಿಲ್ಲ.

ಫೋಟೋ ಬೇಡವಾದಾಗ ಒತ್ತುವ ಬಟನ್ನಿಗೆ ನನಗಿಂತ ಮುಂಚಿನವರು ಯಾರೋ ‘ಅಳಿಸು’ ಎಂದು ಬರೆದಿದ್ದರು. ತಪ್ಪೇನಿಲ್ಲ. ಆದರೆ ಅಳಿಸು ಎಂದರೆ ಒರೆಸಿಹಾಕು ಎಂದೂ ಆಗುತ್ತದೆ, ಅಳುವಂತೆ ಮಾಡು ಎಂದೂ ಆಗುತ್ತದೆ. ಮೊಮ್ಮಗಳ ಫೋಟೋದ ಕೆಳಗೆ ಆ ಪದವನ್ನು ಕಂಡ ನನ್ನ ಹೆಂಡತಿ, “ನಗೂ ಕೂಸಿನ ಕೆಳಗ ಅಳಸು ಅಂತ ಬರದೀರಲ್ಲ, ಇದು ಯಾವ ಸೀಮಿ ಕನ್ನಡಾರಿ?” ಎಂದಳು. ಅವಳು ನಿವೃತ್ತ ಶಿಕ್ಷಕಿ. ಅವಳ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಂಡು ಬದುಕಿದವನು ನಾನಲ್ಲ. ಮರುದಿನ ‘ತೆಗೆದುಹಾಕು’ ಎಂದು ತಿದ್ದಿದೆ. ಆದರೆ ಆ ಬಟನ್ನು ಇಂಗ್ಲಿಷಿನ ಗಿಡ್ಡ ಪದಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ಕನ್ನಡದ ಹೊಟ್ಟೆ ಅದರಲ್ಲಿ ಹಿಡಿಸಲಿಲ್ಲ. ಪರದೆಯ ಮೇಲೆ ‘ತೆಗೆದುಹಾ’ ಎಂದು ಬಂದು, ಮುಂದೆ ಮೂರು ಚುಕ್ಕೆ ನಿಂತವು. ಆಕಳಿಸಿದಂತೆ ಕಾಣುತ್ತಿತ್ತು. ಹಾಗಾಗಿ ಬಾಲ ಕತ್ತರಿಸಿ ‘ತೆಗೆ’ ಎಂದು ಮಾಡಿದೆ. ಪಕ್ಕದಲ್ಲೇ ಫೋಟೋ ದೊಡ್ಡದಾಗಿ ನೋಡುವ ಬಟನ್ನಿಗೆ ‘ತೆರೆ’. ತೆರೆ, ತೆಗೆ. ಅಕ್ಕತಂಗಿಯರಂತೆ ಒಂದೇ ಎತ್ತರ, ಒಂದೇ ತೂಕ. ಬದಲಾವಣೆಯ ಕಾರಣ ಬರೆಯುವ ಜಾಗದಲ್ಲಿ ‘ಸಂಕ್ಷಿಪ್ತ, ಶುದ್ಧ, ಸ್ಪಷ್ಟ’ ಎಂದು ದಾಖಲಿಸಿದೆ. ಮೊದಲೆರಡರ ಬಗ್ಗೆ ಈಗಲೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ಇನ್ನು ಆ ಹೆಂಗಸಿನ ವಿಷಯ. ನನ್ನ ಹೆಂಡತಿ ಕೊನೆಗೆ ಕೆಲಸ ಮಾಡಿದ್ದು ಹಳಿಯಾಳ ತಾಲೂಕಿನ ಕಾಡಂಚಿನ ಒಂದು ಶಾಲೆಯಲ್ಲಿ. ಅಲ್ಲಿ ಬಿಸಿಯೂಟದ ಅಡುಗೆ ಮಾಡುವ ಸಿದ್ದಿ ಸಮುದಾಯದ ಹೆಂಗಸು ಅವಳು. ವಯಸ್ಸು ಐವತ್ತರ ಆಸುಪಾಸು. ಮನೆಯಲ್ಲಿ ಆಡುವುದು ಒಂದು ಬಗೆಯ ಕೊಂಕಣಿ, ಪೇಟೆಯಲ್ಲಿ ನಮ್ಮ ಕನ್ನಡ. ಏಳನೆಯ ತರಗತಿಯವರೆಗೆ ಓದಿದ್ದಾಳೆ. ಸಂತೆಗೆ ಬಂದಾಗ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗುವುದು ರೂಢಿ. ಅಡುಗೆಯ ಕೆಲಸ ಮುಗಿದ ಮೇಲೆ ಅವಳು ಕೌದಿ ಹೊಲಿಯುತ್ತಾಳೆ.

ಸಿದ್ದಿಯರ ಕೌದಿ ನಮ್ಮ ಕಡೆಯ ಉಳಿದ ಕೌದಿಗಳಂತಲ್ಲ. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ ಒಳಗೆ ಹೋಗಿ, ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂವು ಇಡುತ್ತಾರೆ. ಇವಳ ತಾಯಿ ಹೊಲಿದ ಒಂದು ಕೌದಿ ಇತ್ತು. ಇವಳ ಮಗಳ ಮೊದಲ ಕೂಸು ಅದರ ಮೇಲೆಯೇ ಮಲಗಿ ದೊಡ್ಡದಾಯಿತು. ಹೋದ ವರ್ಷ ತಾಯಿ ತೀರಿಕೊಂಡಾಗ ಆ ಕೌದಿಯೂ ಅವಳ ಜೊತೆ ಮಣ್ಣಿಗೆ ಹೋಯಿತು. ಮಗಳು ಗಣೇಶಗುಡಿಯಲ್ಲಿದ್ದಾಳೆ, ಅವಳ ಗಂಡ ಅಲ್ಲಿ ರಾಫ್ಟಿಂಗ್ ದೋಣಿ ನಡೆಸುತ್ತಾನೆ. ಈಗ ಎರಡನೆಯ ಹೆರಿಗೆ ಹತ್ತಿರ ಬಂದಿತ್ತು, ಮತ್ತು ಅವಳಿಗೆ ‘ಅಜ್ಜಿದಿತ್ತಲ್ಲ, ಅಂಥಾದ್ದೇ’ ಬೇಕಾಗಿತ್ತು. ಅಂಥದ್ದು ಹೇಗಿತ್ತು ಎನ್ನುವುದಕ್ಕೆ ಉಳಿದಿದ್ದದ್ದು ಒಂದೇ ಒಂದು ಫೋಟೋ. ಅಂಗಳದ ಹಗ್ಗದ ಮೇಲೆ ಬಿಸಿಲಿಗೆ ಹಾಕಿದ್ದಾಗ ಮಗಳೇ, ಈಗ ಇವಳ ಬಳಿಯಿರುವ ಫೋನಿನಲ್ಲಿ, ತೆಗೆದದ್ದು; ಬೇರೆಲ್ಲೂ ಅದರ ಪ್ರತಿಯಿರಲಿಲ್ಲ. ಆ ಫೋಟೋ ನೋಡಿಕೊಂಡು ಇವಳು ಹೊಲಿಯಲು ಕೂತಿದ್ದಳು.

ಅವಳ ಫೋನು ಅಳಿಯ ಬಳಸಿ ಬಿಟ್ಟದ್ದು. ಅದರಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿತ್ತು. ನಾನು ಬಿಡಬಹುದಿತ್ತು. ಆದರೆ ಕನ್ನಡ ಓದಬಲ್ಲ ಒಬ್ಬ ಕನ್ನಡತಿ ಇಂಗ್ಲಿಷ್ ಬಟನ್ನುಗಳ ನಡುವೆ ಬಾಳುವುದನ್ನು ಕಂಡು ಸುಮ್ಮನಿರುವುದು ನನ್ನಿಂದಾಗಲಿಲ್ಲ. ನಮ್ಮ ಆ್ಯಪನ್ನು ಹಾಕಿ, ಭಾಷೆ ಕನ್ನಡ ಮಾಡಿ, ಫೋನಿನ ಹೊಟ್ಟೆ ತುಂಬಿದ್ದರಿಂದ ಇದ್ದವೂ ಮುಂದೆ ಬರುವವೂ ಸೇರಿ ಫೋಟೋಗಳೆಲ್ಲ ಮೆಮರಿ ಕಾರ್ಡಿಗೇ ಹೋಗುವಂತೆ ಹೊಂದಿಸಿ, ಎರಡೂ ಕೈಯಿಂದ ಒಪ್ಪಿಸಿದೆ. ಚಿಕ್ಕದೊಂದು ಭಾಷಣವನ್ನೂ ಮಾಡಿದೆನೆಂದು ಹೆಂಡತಿ ಹೇಳುತ್ತಾಳೆ. ನನಗೆ ನೆನಪಿಲ್ಲ.

ಹತ್ತು ದಿನ ಬಿಟ್ಟು ಅವಳು ಸಂತೆಯಿಲ್ಲದ ದಿನ ಬಂದಳು. ಚಪ್ಪಲಿ ಬಿಡುವಾಗಲೇ ಹೇಳಿದಳು.

“ಮಾಸ್ತರ್ರ, ಅವ್ವನ ಕೌದಿ ಹೋತು.”

“ಹೆಂಗ ಹೋತು?”

“ನೀವು ತಗಿ ಅಂತ ಬರದಿದ್ರಿ. ತಗದೆ. ಹೋತು.”

ಆಗ ನನಗೆ ಹೊಳೆಯಿತು. ನಮ್ಮ ಹಳಿಯಾಳದಲ್ಲಿ ಹುಟ್ಟಿ ಬೆಳೆದವರು ಯಾರೂ ಬಾಗಿಲು ತೆರೆಯುವುದಿಲ್ಲ, ತಗೀತಾರೆ. ಪುಸ್ತಕ ತಗೀತಾರೆ, ಡಬ್ಬಿ ತಗೀತಾರೆ, ಮುಚ್ಚಿದ್ದು ಏನೇ ಇರಲಿ ತಗೀತಾರೆ. ‘ತೆರೆ’ ಎಂಬುದು ಪಠ್ಯಪುಸ್ತಕದಲ್ಲಿ ಸಮುದ್ರಕ್ಕೆ ಇರುತ್ತದೆ. ನಾನೂ ಅರವತ್ತೆಂಟು ವರ್ಷ ಬಾಗಿಲು ತಗೀ ಎಂದೇ ಕೂಗಿದವನು. ಅನುವಾದಕ್ಕೆ ಕೂತಾಗ ಮಾತ್ರ ಅದು ಹೇಗೆ ಮರೆಯಿತೋ.

“ಅದಕ್ಕ ಮೊದಲ ಅದು ಒಂದ್ಸಲ ಕೇಳಿರಬೇಕಲ್ಲ, ಖಚಿತವೇ ಅಂತ?” ಎಂದೆ. ಸೋಲುವ ವಕೀಲನ ಕೊನೆಯ ಪ್ರಶ್ನೆ ಅದು.

“ಕೇಳಿತ್ರಿ. ಅವ್ವನ ಕೌದಿ ನೋಡೂದು ನನಗ ಖಚಿತನ ಇತ್ತು. ಹೌದು ಅಂದೆ.”

“ಬಾಜೂಕ ‘ರದ್ದು’ ಅಂತ ಇತ್ತಲ್ಲ.”

“ಫೋಟೋ ರದ್ದಾದೀತು ಅಂತ ಅದನ್ನ ಮುಟ್ಟಲಿಲ್ಲ.”

ಇಂಗ್ಲಿಷಿನಲ್ಲಿದ್ದಾಗ ಇದು ಹೇಗೆ ಆಗಲಿಲ್ಲ ಎಂದು ಕೇಳಿದೆ. ಆಗ ಅವಳು ಓದುತ್ತಿರಲಿಲ್ಲವಂತೆ. ಎಡಗಡೆಯದನ್ನು ಒತ್ತಿದರೆ ಫೋಟೋ ಬರುತ್ತದೆಂದು ಬೆರಳಿಗೆ ಗೊತ್ತಿತ್ತು. ಸೂಜಿ ಹಿಡಿದ ಕೈ, ಮೆಲ್ಲಗೆ ಮುಟ್ಟುವುದು ಬರುವುದಿಲ್ಲ, ಒತ್ತಿ ಹಿಡಿಯುತ್ತಾಳೆ. ಒತ್ತಿ ಹಿಡಿದರೆ, ಹಳೆಯ ಆ್ಯಪಿನಲ್ಲಿರಲಿ ನಮ್ಮದರಲ್ಲಿರಲಿ, ಇಂಥ ಎರಡು ಬಟನ್ನು ಏಳುತ್ತವೆ. ಕನ್ನಡ ಬಂದ ಮೇಲೆ ಬೆರಳನ್ನು ಬಿಟ್ಟು ಕಣ್ಣನ್ನು ನಂಬಿದಳು. ಓದು ಬಂದವರಿಗೆ ಮಾತ್ರ ಆಗಬಹುದಾದ ಅಪಘಾತ ಅದು, ಮತ್ತು ಅದನ್ನು ನಾನು ಒದಗಿಸಿದ್ದೆ.

ಕೌದಿ ಎಲ್ಲಿಗೆ ಬಂದಿದೆ ಎಂದು ನನ್ನ ಹೆಂಡತಿ ಕೇಳಿದಳು. ನಾಲ್ಕೂ ಅಂಚು ಮುಗಿದಿತ್ತು, ಎರಡು ಸುತ್ತು ಒಳಗೆ ಬಂದಿತ್ತು. ಉಳಿದದ್ದು ನಡುವಿನ ಭಾಗ, ನೋಡಿಕೊಂಡು ಹೊಲಿಯಬೇಕಾಗಿದ್ದದ್ದೇ ಅದು. ಹೆಂಡತಿ ನನ್ನ ಕಡೆ ನೋಡಿದಳು.

ಆಗ ನಾನು ಎರಡನೆಯ ತಪ್ಪು ಮಾಡಿದೆ. ತಂತ್ರಾಂಶದಲ್ಲಿ ದೋಷ ಕಂಡರೆ ಪುರಾವೆ ಸಹಿತ ದೂರು ಸಲ್ಲಿಸುವುದು ನಮ್ಮಲ್ಲಿ ನಿಯಮ. ಅವಳ ಫೋನು ತೆಗೆದುಕೊಂಡು, ಆ ಎರಡು ಬಟನ್ನುಗಳದ್ದೊಂದು, ‘ಖಚಿತವೇ?’ ಎಂಬ ಪ್ರಶ್ನೆಯದ್ದೊಂದು, ಖಾಲಿಯಾದ ಜಾಗದ್ದೊಂದು, ಹೀಗೆ ಮೂರು ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿಕೊಂಡೆ. ಮೂರೂ ಬಹಳ ಸ್ವಚ್ಛವಾಗಿ ಬಂದವು. ಸಂಜೆಯೊಳಗೆ ದೂರು ಬರೆದು ಹಾಕಿದೆ. ಕೆಲಸ ಮಾಡಿದಂತೆ ಅನ್ನಿಸಿತು.

ಉತ್ತರಗಳು ಬಂದವು. ದಕ್ಷಿಣದ ಕಡೆಯ ಇನ್ನೊಬ್ಬ ಕನ್ನಡ ಅನುವಾದಕರು, “ಸಂದರ್ಭದಿಂದ ಅರ್ಥ ಸ್ಪಷ್ಟವಾಗಿದೆ, ಇದು ಪ್ರಾದೇಶಿಕ ಬಳಕೆಯ ಸಮಸ್ಯೆ” ಎಂದು ಬರೆದರು. ಪ್ರದೇಶವೇ ಇಲ್ಲದ ಕನ್ನಡವನ್ನು ಎಲ್ಲಿ ಮಾತಾಡುತ್ತಾರೆ, ವಿಳಾಸ ಕೊಟ್ಟರೆ ಹೋಗಿ ಕಲಿತು ಬರುತ್ತೇನೆ ಎಂದು ನಾನು ಬರೆದೆ. ಆ್ಯಪಿನ ಮುಖ್ಯಸ್ಥ ಕನ್ನಡ ಬಾರದವನು, ಸಭ್ಯ ಮನುಷ್ಯ. ತೆರೆಯುವುದಕ್ಕೂ ಇಲ್ಲವಾಗಿಸುವುದಕ್ಕೂ ಒಂದೇ ಪದವಿದ್ದರೆ ನೀವೆಲ್ಲ ದಿನ ಹೇಗೆ ಕಳೆಯುತ್ತೀರಿ ಎಂದು ನಿಜವಾದ ಕುತೂಹಲದಿಂದ ಕೇಳಿದ. ಎದುರಿಗೆ ಬಾಗಿಲಿದ್ದರೆ ತೆರೆಯುತ್ತೇವೆ, ಕಸವಿದ್ದರೆ ಎತ್ತಿ ಚೆಲ್ಲುತ್ತೇವೆ, ನಮಗೆ ಕಣ್ಣಿದೆ. ಫೋಟೋ ಬಾಗಿಲೋ ಕಸವೋ ಎಂಬುದು ಬಟನ್ನಿಗೆ ತಿಳಿಯುವುದಿಲ್ಲ ಎಂದು ಉತ್ತರಿಸಿದೆ. ಬರೆದ ಮೇಲೆ ಆ ವಾಕ್ಯವನ್ನು ನಾನೇ ಎರಡು ಸಲ ಓದಿದೆ. ಆ ಹೊತ್ತಿಗೆ ಅವಳು ಊರಲ್ಲಿ ಸೂಜಿ ಕೆಳಗಿಟ್ಟು ಕೂತು ನಾಲ್ಕು ದಿನವಾಗಿತ್ತು.

ದಾಂಡೇಲಿಯ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯಿಟ್ಟವನೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಅವನ ತಂದೆ ಮಿಲ್ಲಿನಲ್ಲಿದ್ದವರು. ಮಗನಿಗೆ ಆಫೀಸಿನ ಕುರ್ಚಿ ಸಿಗಲೆಂದು ಟೈಪಿಂಗಿಗೆ ಕಳಿಸಿದ್ದರು. ಈಗ ಅವನ ಗಡ್ಡದಲ್ಲೂ ಬಿಳಿ ಬಂದಿದೆ. ಹೋದ ಫೋಟೋ ಕೆಲವೊಮ್ಮೆ ಕಾರ್ಡಿನಿಂದ ಎಬ್ಬಿಸಬಹುದು ಎಂದು ಅವನು ಫೋನಿನಲ್ಲಿ ಹೇಳಿದ. ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋದೆ.

ಅವನು ಕಾರ್ಡನ್ನು ಹೊರಗೆಳೆದು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಅದಕ್ಕೂ ಒಂದು ಮುಕ್ತ ತಂತ್ರಾಂಶವೇ; ಕಪ್ಪು ಪರದೆ, ಬಿಳಿ ಅಕ್ಷರ, ಒಂದೂ ಬಟನ್ನಿಲ್ಲ. ನನಗೆ ಹಾಯೆನಿಸಿತು. ಮೂರು ತಾಸು ಹಿಡಿಯುತ್ತದೆ ಎಂದು ಬಂತು. ಬೆಂಚಿನ ಮೇಲೆ ಕೂತೆವು. ಏನಾಯಿತೆಂದು ಕೇಳಿದವನು ಪೂರ್ತಿ ಕತೆ ಕೇಳಿ ಸ್ಕ್ರೂಡ್ರೈವರ್ ಕೆಳಗಿಟ್ಟ.

“ನಮ್ಮ ಉರ್ದುದಾಗ ಬಾಗಲಾ ತಗ್ಯೂ ಖೋಲ್ ಬ್ಯಾರೆ, ಕಿತ್ತು ತಗ್ಯೂ ನಿಕಾಲ್ ಬ್ಯಾರೆ. ನಿಮ್ಮದ್ರಾಗ ಅಂಗಡಿ ತಗದ್ರೂ ತಗದಂಗ, ಅಂಗಡಿ ಕಿತ್ತು ತಗದ್ರೂ ತಗದಂಗ. ಕಾರ್ಪೊರೇಶನ್ನದವರು ಬಂದು ‘ಅಂಗಡಿ ತಗೀರಿ’ ಅಂದ್ರ ನಾ ಏನು ಮಾಡ್ಲಿ ಮಾಸ್ತರ?”

“ದಾಂಡೇಲಿಯೊಳಗ ಕಾರ್ಪೊರೇಶನ್ ಇಲ್ಲ,” ಎಂದೆ.

“ಬಂದಾಗ ಅಂತೀನ್ರಿ.”

ಕಾಯುವ ಹೊತ್ತಿಗೆ ಏನಾದರೂ ಮಾಡೋಣವೆಂದು ಒಂದು ರಟ್ಟಿನ ಡಬ್ಬಿಯ ಮುಚ್ಚಳ ಹರಿದು, ಅದರ ಹಿಂದೆ ಬಟನ್ನುಗಳನ್ನು ಬರೆದೆ. ಹಿಂದೆಂದೂ ನಾನಿದನ್ನು ಮಾಡಿರಲಿಲ್ಲ. ಇನ್ನೂರಕ್ಕೂ ಹೆಚ್ಚು ಪದ ಅನುವಾದಿಸಿ, ಒಂದನ್ನೂ ಒತ್ತುವವರಿಗೆ ತೋರಿಸಿರಲಿಲ್ಲ. ಅವಳ ಮುಂದಿಟ್ಟು, ಫೋಟೋ ನೋಡಬೇಕಾದರೆ ಯಾವುದು ಒತ್ತುತ್ತೀ ಎಂದೆ.

“‘ನೋಡು’ ಅಂತ ಬರೀರಿ, ಒತ್ತತೀನಿ. ನೋಡೂದಕ್ಕ ತೆರೆ ಯಾಕ?”

ಬರೆದೆ. ಬೇಡವಾದರೆ?

ಅವಳು ‘ಅಳಿಸು’ ಎಂಬುದರ ಮೇಲೆ ಬೆರಳಿಟ್ಟಳು. ನಾನು ಅದರ ಇನ್ನೊಂದು ಅರ್ಥ ಹೇಳಿದೆ. “ಎರಡೂ ಖರೇನ ಐತಲ್ರಿ,” ಎಂದಳು.

ಅಂಗಡಿಯವನು ಕೆಮ್ಮಿದ. ನಾನು ಮುಂದಿನ ಪ್ರಶ್ನೆಗೆ ಹೋದೆ. ‘ಖಚಿತವೇ?’ ಎಂಬುದನ್ನು ಹೊಡೆದುಹಾಕಿ, ‘ಈ ಫೋಟೋ ಮತ್ತೆ ಸಿಗುವುದಿಲ್ಲ, ಅಳಿಸಬೇಕೇ?’ ಎಂದು ಬರೆದೆ. ಅದರ ಕೆಳಗೆ ‘ಅಳಿಸು’, ‘ರದ್ದು’.

“ರದ್ದು ಬ್ಯಾಡ್ರಿ. ರೇಶನ್ ಕಾರ್ಡ್ ರದ್ದು ಮಾಡ್ತಾರ, ಬಸ್ಸು ರದ್ದು ಮಾಡ್ತಾರ. ರದ್ದು ಅಂದ್ರ ಎದಿ ಧಸಕ್ ಅಂತೈತಿ.”

“ಮತ್ತ ಏನಂತ ಬರೀಲಿ?”

“ಇರಲಿ ಅಂತ ಬರೀರಿ. ಅಳಸ್ಬೇಕೇನು ಅಂತ ಅದು ಕೇಳ್ತೈತಿ, ಬ್ಯಾಡ, ಇರ್ಲಿ ಅಂತ ನಾ ಅಂತೀನಿ. ಮುಗೀತಲ್ಲ.”

ಮೂವತ್ತು ವರ್ಷ ಇನ್‌ಸ್ಟಿಟ್ಯೂಟ್ ನಡೆಸಿ, ನಾಲ್ಕು ವರ್ಷ ಅನುವಾದ ಮಾಡಿ ನನಗೆ ಹೊಳೆಯದಿದ್ದ ಪದ. ಬಟನ್ನು ಎಂದರೆ ಯಂತ್ರದ ಹೆಸರುಹಲಗೆ ಎಂದು ನಾನು ತಿಳಿದಿದ್ದೆ. ಅವಳು ಅದನ್ನು ಮಾತಿಗೆ ಉತ್ತರ ಎಂದು ತಿಳಿದಿದ್ದಳು. ಬಟನ್ನಿನ ಅಗಲಕ್ಕೂ ಸರಿಹೋಗುತ್ತಿತ್ತು.

ಒಂದೂವರೆಗೆ ಕಾರ್ಡಿನ ಕೆಲಸ ಮುಗಿಯಿತು. ಹೆಸರು ದಿನಾಂಕ ಎಲ್ಲ ಕಳೆದುಕೊಂಡು ಎಂಟುನೂರು ಚಿಲ್ಲರೆ ಫೋಟೋಗಳು ಎದ್ದು ಬಂದಿದ್ದವು. ಅಳಿಯನ ದೋಣಿಗಳು, ಯಾವುದೋ ಪ್ರವಾಸಿಗರ ಹೆಲ್ಮೆಟ್ಟುಗಳು, ಆಧಾರ್ ಕಾರ್ಡು, ಕೋಳಿ, ಕೋಳಿ, ಒಂದು ಹಲ್ಲು ಬಿದ್ದ ಮೊಮ್ಮಗ. ಒಂದೊಂದಾಗಿ ನೋಡುತ್ತ ಹೋದೆವು. ಮಧ್ಯದಲ್ಲೆಲ್ಲೋ ಅವಳು, “ನಿಲ್ಲಸ್ರಿ ಭಾಯ್,” ಎಂದಳು.

ಹಗ್ಗ ಕಂಡಿತು, ಬಿಸಿಲು ಕಂಡಿತು. ಕೌದಿಯ ಮೇಲಂಚು, ಎರಡು ಮೂಲೆಯ ಹೂವು, ಒಳಗಿನ ಸುತ್ತುಗಳು, ನಡುವಿನ ಕೆಂಪು ಚೌಕದ ಮೇಲರ್ಧ. ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ, ಸುಣ್ಣ ಬಳಿಯದ ಗೋಡೆಯ ಹಾಗೆ.

ಅಂಗಡಿಯವನು ಕೀಲಿಗಳನ್ನು ಒತ್ತಿ ಏನೇನೋ ನೋಡಿದ. “ಇದರ ಕೆಳಗಿನ ಅರ್ಧದ ಜಾಗಾದಾಗ ಬ್ಯಾರೆ ಫೈಲ್ ಬಂದು ಕುಂತಾವು. ಮೂರು ಸ್ಕ್ರೀನ್‌ಶಾಟ್. ಫೋಟೋ ಹೋದಮ್ಯಾಲೆ ಫೋನಿನ್ಯಾಗ ಏನೂ ಹೊಸಾದು ಮಾಡಬಾರದಿತ್ತು ಅಕ್ಕಾ. ಇವು ಯಾರು ಮಾಡಿದ್ರು?”

ಅವಳು ತನಗೆ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಸ್ಕ್ರೀನ್‌ಶಾಟ್ ಎಂದರೇನೆಂದೇ ಅವಳಿಗೆ ತಿಳಿಯದು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನಿಗೆ ಗೊತ್ತಾಗಿಬಿಟ್ಟಿತ್ತು, ಆದರೂ ನನ್ನ ಕಡೆ ನೋಡದೆ ಪರದೆಯನ್ನೇ ನೋಡುತ್ತ ಕೂತ. ಹಳೆಯ ವಿದ್ಯಾರ್ಥಿ.

“ನಾನ ಮಾಡಿದ್ದು,” ಎಂದೆ. “ಫೋಟೋ ಹೆಂಗ ಹೋತು ಅಂತ ಅವರಿಗೆ ತೋರಸಾಕ. ತೋರಸಾಕ ಹೋಗಿ ಅರ್ಧಾ ನಾನ ಮುಚ್ಚಿದೆ.”

ಅವಳು ಒಂದು ಕುರ್ಚಿ ಮುಂದೆಳೆದುಕೊಂಡು ಪರದೆಯ ಹತ್ತಿರ ಮುಖ ತಂದಳು. ಚಿತ್ರವನ್ನು ದೊಡ್ಡದು ಮಾಡಿಸಿ, ಬೆರಳನ್ನು ಗಾಜಿಗೆ ತಾಗಿಸದೆ, ಮೇಲಿನ ಎಡಮೂಲೆಯಿಂದ ಸುತ್ತಿಗೆ ಸುತ್ತಾಗಿ ಒಳಗೆ ಬಂದಳು. ತುಂಡುಗಳನ್ನು ಹೆಸರಿನಿಂದ ಕರೆಯುತ್ತಿದ್ದಳು: ಇದು ಅಣ್ಣನ ಸಾಲಿ ಚಡ್ಡಿ, ಇದು ಅತ್ತಿ ಉಟ್ಟ ಲುಗಡಿ ಸೀರಿ. ಒಂದು ಕಡೆ ನಿಂತು ನಕ್ಕಳು. ಅವ್ವ ಒಂದು ತುಂಡನ್ನು ತಲೆಕೆಳಗಾಗಿ ಹಚ್ಚಿ, ಕಾಣದಿರಲೆಂದು ಅದರ ಮೂಲೆಗೆ ಇನ್ನೊಂದು ಚೂರು ಹೊಲಿದಿದ್ದಳಂತೆ. “ಇಷ್ಟು ವರ್ಷ ಹೊದ್ದೇನಿ, ಇದನ್ನ ನೋಡೇ ಇಲ್ಲ.” ಕೊನೆಗೆ ಬೆರಳು ಬೂದು ಗೆರೆಗೆ ಬಂತು. ಅಲ್ಲಿ ತುಸು ಹೊತ್ತು ನಿಂತಿತು.

“ಉಳಿದದ್ದು ಹೆಂಗವ್ವಾ?” ಎಂದೆ.

“ಉಳಿದದ್ದು ನಾ ಹಚ್ಚತೀನಿ. ಅವ್ವೇನು ಫೋಟೋ ನೋಡಿ ಹೊಲದಿದ್ಲೇನ್ರಿ?”

ಸಮಾಧಾನಕ್ಕೆ ಹೇಳಿದ ಮಾತಿನಂತೆ ಅದು ಕೇಳಿಸಲಿಲ್ಲ. ಹಳಿಯಾಳಕ್ಕೆ ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದಳು. ನಾನು ರಟ್ಟಿನ ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

‘ನೋಡು’, ‘ಅಳಿಸು’, ‘ಇರಲಿ’ ಮೂರೂ ಆ್ಯಪಿನೊಳಗೆ ಹೋದವು. ದಕ್ಷಿಣದ ಅನುವಾದಕರು ‘ಇರಲಿ’ ತೀರಾ ಮಾತಿನ ಧಾಟಿಯದಾಯಿತು ಎಂದು ಆಕ್ಷೇಪಿಸಿ, ಎರಡು ದಿನ ಬಿಟ್ಟು ತಾವೇ ಒಪ್ಪಿದರು. ಮನೆಯಲ್ಲಿ ಯಾರಿಗಾದರೂ ತೋರಿಸಿ ನೋಡಿರಬೇಕು. ಬದಲಾವಣೆಯ ಕಾರಣ ಬರೆಯುವ ಜಾಗದಲ್ಲಿ ಈ ಸಲ ವಿಶೇಷಣಗಳನ್ನು ಬರೆಯಲಿಲ್ಲ. ‘ಬಳಸುವವರನ್ನು ಕೇಳಲಾಯಿತು’ ಎಂದು ಮಾತ್ರ ಬರೆದೆ. ಎಷ್ಟು ಜನರನ್ನು ಎಂದು ಯಾರೂ ವಿಚಾರಿಸಲಿಲ್ಲ.

ಮೂರು ವಾರದ ಮೇಲೆ ಅವಳು ಗಣೇಶಗುಡಿಗೆ ಹೊರಟವಳು ಹಳಿಯಾಳದಲ್ಲಿ ಬಸ್ ಬದಲಿಸುವಾಗ ನಮಗೆ ಹೇಳಿ ಕಳಿಸಿದಳು. ಗಂಡು ಕೂಸು ಹುಟ್ಟಿತ್ತು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೌದಿ ಬಿಚ್ಚಿ ನನ್ನ ಹೆಂಡತಿಗೆ ತೋರಿಸಿದಳು. ಕೆಂಪು ಚೌಕ ಪೂರ್ತಿಯಾಗಿತ್ತು. ಅದರ ಕೆಳಗೆ ಹಸಿರು ಇತ್ತು, ಹಳದಿ ಇತ್ತು, ಶಾಲೆಯ ಅಡುಗೆಯವರಿಗೆ ಕೊಡುವ ಏಪ್ರನ್ನಿನ ಬಟ್ಟೆಯಂತೆ ಕಾಣುವ ಒಂದು ತುಂಡೂ ಇತ್ತು. ತಾಯಿಯ ಮಾದರಿ ಎಲ್ಲಿ ಮುಗಿದು ಇವಳದು ಎಲ್ಲಿ ಶುರುವಾಯಿತೆಂದು ನಾನು ಬಗ್ಗಿ ಹುಡುಕಿದೆ. ಫೋಟೋವನ್ನು ಅಷ್ಟು ಸಲ ನೋಡಿದ್ದರೂ ಸಿಗಲಿಲ್ಲ. ಕೇಳಿದೆ.

“ಕೂಸು ಮಲಗೂದಕ್ಕ ಅದ್ಯಾಕ ಬೇಕ್ರಿ ಮಾಸ್ತರ್ರ?” ಎಂದಳು.

ಇದರದ್ದೂ ಒಂದು ಫೋಟೋ ಇಟ್ಟುಕೊಳ್ಳುವುದು ಒಳ್ಳೆಯದು, ಫೋನು ಕೊಟ್ಟರೆ ನಾನೇ ಹಿಡಿದುಕೊಡುತ್ತೇನೆ ಎಂದೆ. ಅವಳು ಫೋನಿದ್ದ ಸೊಂಟದ ಚೀಲವನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

“ಇರ್ಲಿ ಬಿಡ್ರಿ. ಅಲ್ಲಿ ಮಗಳು ಹಿಡೀತಾಳ.”

ಅಷ್ಟರಲ್ಲಿ ಬಸ್ಸು ಬಂತು. ಹತ್ತುವಾಗ ಕೈ ಖಾಲಿಯಿರಲೆಂದು ಕೌದಿಯ ಗಂಟನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಎರಡೂ ತೋಳಿನಲ್ಲಿ ಹಿಡಿದು ನಿಂತೆ. ಬಹಳ ಭಾರವಿತ್ತು. ಸೀಟು ಹಿಡಿದು ಕಿಟಕಿಯಿಂದ ಕೈ ಚಾಚಿ ಗಂಟನ್ನು ವಾಪಸು ಇಸಿದುಕೊಂಡಳು, ನನ್ನ ಹೆಂಡತಿಗೆ ಹೋಗಿ ಬರುತ್ತೇನೆಂದಳು, ಆಮೇಲೆ ನನಗೂ ಅಂದಳು.